ಅಪ್ಪ ಗುಟ್ಟಾಗಿ ಶಾಂಘಾಯ್‌ಗೆ ಹೊರಟದ್ದು

ಖರ್ಚು ಉಳಿಸುವುದರಲ್ಲಿ ನನ್ನ ಅಪ್ಪ ಫಾನ್ ಯೌಗೆನ್‌ನನ್ನು ಮೀರಿಸುವವರು ನಮ್ಮ ವಠಾರದಲ್ಲಿ ಒಬ್ಬರೇ ಇದ್ದರು. ಅವರು ಏನನ್ನೂ ಕೊಳ್ಳದೆಯೇ ತೀರಿಕೊಂಡರು. ಆಮೇಲೆ ಆ ಪೀಠ ಅಪ್ಪನಿಗೆ ಬಂತು.

ನಮ್ಮದು ಫ್ಲಾಸ್ಕು ಕಾರ್ಖಾನೆಯ ವಠಾರ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಗಾಜು ಊದುತ್ತಿದ್ದವರು, ಮುಚ್ಚಳ ಹಾಕುತ್ತಿದ್ದವರು, ಅಪ್ಪನ ಹಾಗೆ ಉಗ್ರಾಣ ಕಾಯುತ್ತಿದ್ದವರು ಮಾತ್ರ ಅದೇ ಮೂರಂತಸ್ತಿನ ಕಟ್ಟಡಗಳಲ್ಲಿ ಉಳಿದುಕೊಂಡಿದ್ದಾರೆ. ಒಂದು ಮನೆಯಲ್ಲಿ ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಸುತ್ತಲಿನ ನಾಲ್ಕು ಮನೆಯವರು ಸೀನುತ್ತಾರೆ. ಇಂಥ ಕಡೆಯಿಂದ ಗುಟ್ಟಾಗಿ ಶಾಂಘಾಯ್‌ಗೆ ಹೋಗಿ ಬರಬೇಕೆಂದು ಅಪ್ಪ ತೀರ್ಮಾನಿಸಿದ.

ಹೋಗುವ ಆಸೆ ಅಮ್ಮನದು. ಅಮ್ಮ ಊರಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಆರುನೂರು ಮಕ್ಕಳಿಗೆ ಬೇಯಿಸುತ್ತಾಳೆ, ಮನೆಗೆ ಬಂದು ನಮಗೆ ಬೇಯಿಸುತ್ತಾಳೆ. ಶಾಂಘಾಯ್‌ನ ಗೋಪುರ, ದೀಪ, ಅಂಗಡಿ ಇವುಗಳ ಬಗ್ಗೆ ಅವಳಿಗೆ ಅಂಥ ಮೋಹವಿರಲಿಲ್ಲ. "ಮೂರೇ ದಿನ ಸಾಕು. ಯಾರೋ ಮಾಡಿದ್ದನ್ನ ಯಾರೋ ತಂದಿಡ್ಬೇಕು, ನಾನು ಕೂತ್ಕೊಂಡು ತಿನ್ಬೇಕು. ಉಪ್ಪು ಜಾಸ್ತಿಯಾಯ್ತು ಅಂತ ಬೇರೆಯವರ ಅಡುಗೇನ ಬೈಬೇಕು" ಎನ್ನುತ್ತಿದ್ದಳು. ಈ ಸಣ್ಣ ಆಸೆ ಮೂರು ಸಲ ಮುರಿದು ಬಿದ್ದಿತ್ತು. ಒಮ್ಮೆ ಅಜ್ಜಿಯ ಮೊಣಕಾಲು, ಒಮ್ಮೆ ಫ್ರಿಜ್ಜು, ಒಮ್ಮೆ ನನ್ನ ಕಾಲೇಜು. ಈ ಸಲ ಅಜ್ಜಿ ಇರಲಿಲ್ಲ, ಫ್ರಿಜ್ಜು ಓಡುತ್ತಿತ್ತು, ಮಗಳು ಸುಯಿ, ಅಂದರೆ ನಾನು, ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲೇ ಇದ್ದೆ. ಅಕ್ಟೋಬರ್ ರಜೆಯ ನೂಕುನುಗ್ಗಲು ಕಳೆದು ಎಲ್ಲವೂ ಅಗ್ಗವಾದ ಮೇಲೆ ಹೊರಡುವುದೆಂದು ನಿಶ್ಚಯವಾಯಿತು. ಆ ದಿನದಿಂದ ಅಮ್ಮ ಅಡುಗೆ ಮಾಡುವಾಗ ಗುನುಗತೊಡಗಿದಳು.

ಅಪ್ಪ ಬಜೆಟ್ಟು ಮಂಡಿಸಿದ. ಒಂದು ದೇಶದ ಆಯವ್ಯಯಕ್ಕೂ ಅಷ್ಟು ಗಾಂಭೀರ್ಯ ಇರಲಾರದು. ಕುಡಿಯುವ ನೀರು ಮನೆಯಿಂದ, ಎರಡು ಫ್ಲಾಸ್ಕುಗಳಲ್ಲಿ. ಗೋಪುರವನ್ನು ನೋಡುವುದು ಕೆಳಗಿನಿಂದ. ನದಿ ವಿಹಾರಕ್ಕೆ ದೀಪದ ಹಡಗು ಬೇಡ, ಆಚೆ ದಡಕ್ಕೆ ಕೆಲಸಕ್ಕೆ ಹೋಗುವವರ ದೋಣಿ ಇದೆ, ತಲೆಗೆ ಎರಡು ಯುವಾನ್. "ಹಡಗು ಬೇರೆಯಾದ್ರೆ ನದಿ ಬೇರೆಯಾಗತ್ತಾ?" ಎಂದು ಅಪ್ಪ ಕೇಳಿದ.

ಎಲ್ಲಕ್ಕಿಂತ ದೊಡ್ಡ ಖರ್ಚು ನೆರೆಹೊರೆಯದು. ವಠಾರದಿಂದ ಯಾರೇ ಶಾಂಘಾಯ್‌ಗೆ ಹೊರಟರೂ ಬರುವಾಗ ಮನೆಮನೆಗೆ ಮಿಠಾಯಿ ಡಬ್ಬಿ ತರಬೇಕು. ಅದರ ಮೇಲೆ ಒಬ್ಬರಿಗೆ ಮೊಣಕಾಲಿನ ಮುಲಾಮು, ಇನ್ನೊಬ್ಬರಿಗೆ ಮೊಮ್ಮಗನ ಬೂಟು. ತಂದು ಕೊಟ್ಟ ಮೇಲೆ ದುಡ್ಡು ಕೊಡಲು ಅವರು ಬರುತ್ತಾರೆ, ಬೇಡವೆಂದು ನಾವು ತಳ್ಳಬೇಕು, ಅವರು ಜೇಬಿಗೆ ತುರುಕಬೇಕು, ನಾವು ಮೆಟ್ಟಿಲವರೆಗೂ ಅಟ್ಟಿಸಿಕೊಂಡು ಹೋಗಬೇಕು, ಕೊನೆಗೆ ಅವರು ಸೋಲಬೇಕು. ಅಪ್ಪ ಇಂಥ ಯುದ್ಧಗಳಲ್ಲಿ ಗೆದ್ದು ಗೆದ್ದು ಬಡವನಾಗಿದ್ದ.

"ರೈಲಿಗಿಂತ ಮಿಠಾಯಿಗೇ ಜಾಸ್ತಿ ಹೋಗತ್ತೆ. ಅದಕ್ಕೇ ನಾವು ಹೋಗೋದು ಯಾರಿಗೂ ಗೊತ್ತಾಗಬಾರದು. ಕೇಳಿದ್ರೆ, ಸಣ್ಣ ಕೆಲಸ ಇದೆ ಅಂತ ಹೇಳಿ, ಅಷ್ಟೇ" ಎಂದು ಅಪ್ಪ ಆಜ್ಞೆ ಹೊರಡಿಸಿದ.

ಉಳಿದದ್ದು ಕೋಣೆ. ಶಾಂಘಾಯ್‌ನಲ್ಲಿ ಅಗ್ಗದ ಕೋಣೆ ಎಲ್ಲಿ ಸಿಗುತ್ತದೆಂದು ಬಲ್ಲವರು ವಠಾರದಲ್ಲಿ ಒಬ್ಬರೇ, ಗೊಂಗ್ ತಾತ. ಅವರು ಹಿಂದೆ ಹೆಂಡತಿಯನ್ನು ಅಲ್ಲಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಆಕೆ ಉಳಿಯಲಿಲ್ಲ. ಗೊಂಗ್ ತಾತ ಮತ್ತು ಅಪ್ಪ ಪ್ರತಿ ಸಂಜೆ ಗೇಟಿನ ಬಳಿಯ ಕರ್ಪೂರದ ಮರದ ಕೆಳಗೆ ಚದುರಂಗ ಆಡುತ್ತಾರೆ. ಐವತ್ತೆಂಟರ ಅಪ್ಪ ಅವರಿಗೆ ಇನ್ನೂ "ಮರಿ ಫಾನ್".

ನಾನು ಅಂಗಡಿಯಿಂದ ವಿನೆಗರ್ ತರುತ್ತಿದ್ದಾಗ ಅಪ್ಪ ಅವರ ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದ. "ತಾತ, ಆ ದೊಡ್ಡ ಆಸ್ಪತ್ರೆ ಹಿಂದಿನ ಓಣೀಲಿ ರೋಗಿಗಳ ಮನೆಯವರು ಇಳ್ಕೊಳ್ಳೋ ಕೋಣೆಗಳಿದ್ವಲ್ಲ, ಈಗಲೂ ಇದಾವಾ?"

ತಾತನ ಕೈಯಲ್ಲಿದ್ದ ಕುದುರೆ ಗಾಳಿಯಲ್ಲೇ ನಿಂತಿತು. "ಯಾರಿಗಪ್ಪಾ?"

"ನಮಗೇ. ನಾನು, ಸುಯಿ ಅಮ್ಮ, ಸುಯಿ. ಸಣ್ಣ ಕೆಲಸ ಇದೆ. ಯಾರಿಗೂ ಹೇಳ್ಬೇಡಿ."

ಗೊಂಗ್ ತಾತ ಅಪ್ಪನನ್ನು ತಲೆಯಿಂದ ಕಾಲವರೆಗೆ ನೋಡಿದರು. ಆಮೇಲೆ ಕುದುರೆಯನ್ನು ತಪ್ಪು ಜಾಗದಲ್ಲಿ ಇಟ್ಟರು. ಹದಿನೇಳು ವರ್ಷಗಳಲ್ಲಿ ಮೊದಲ ಸಲ ಅಪ್ಪ ಚದುರಂಗ ಗೆದ್ದ.

ಗೊಂಗ್ ತಾತ ಯಾರಿಗೂ ಹೇಳಲಿಲ್ಲ. ಕೆಳಗಿನ ಮನೆಯ ಥಾನ್ ಅತ್ತೆಗೆ ಮಾತ್ರ ಹೇಳಿದರು, ಅದೂ ಯಾರಿಗೂ ಹೇಳಬಾರದೆಂದು. ಥಾನ್ ಅತ್ತೆ ಶಾಲೆಯ ಅಡುಗೆಮನೆಯಲ್ಲಿ ಅಮ್ಮನ ಪಕ್ಕದಲ್ಲೇ ತರಕಾರಿ ಹೆಚ್ಚುವವರು. ಅದೇ ವಾರ ಅಮ್ಮ ರಜೆ ಕೇಳಿದ್ದಳು. ಯಾಕೆಂದು ಅತ್ತೆ ಕೇಳಿದ್ದಕ್ಕೆ ಅಮ್ಮ ಸುತ್ತ ನೋಡಿ, ದನಿ ತಗ್ಗಿಸಿ, "ಇವರನ್ನ ಕರ್ಕೊಂಡು ಶಾಂಘಾಯ್‌ಗೆ ಹೋಗ್ಬೇಕು ಅಕ್ಕಾ. ಹೆಚ್ಚಿಗೆ ಕೇಳ್ಬೇಡಿ" ಎಂದಿದ್ದಳು.

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ನಮ್ಮ ಕಡೆ ಆ ಕಾಯಿಲೆ, ಅಂದರೆ ಕ್ಯಾನ್ಸರ್, ಬಂದರೆ ರೋಗಿಗೆ ಹೇಳುವುದಿಲ್ಲ. ಮನೆಯವರಿಗೆ ಗೊತ್ತಿರುತ್ತದೆ, ಬೀದಿಗೆ ಗೊತ್ತಿರುತ್ತದೆ, ಹುರಿಗಡಲೆ ಮಾರುವವನಿಗೂ ಗೊತ್ತಿರುತ್ತದೆ. ರೋಗಿಗೆ ಮಾತ್ರ ಹೊಟ್ಟೆಹುಣ್ಣು. ಎಲ್ಲರೂ ನಗುಮುಖ ಹೊತ್ತು ಅವನ ಮುಂದೆ ಸುಳಿಯುತ್ತಾರೆ. ಹಾಗೆ ವಠಾರ ಒಂದೇ ವಾರದಲ್ಲಿ ಅಪ್ಪನ ಕಡೆ ನಗತೊಡಗಿತು.

ಮಾಂಸದಂಗಡಿಯವನು ಎಲುಬಿನ ಜೊತೆ ಒಂದು ತುಂಡು ಯಕೃತ್ತು ಸೇರಿಸಿ, "ಮೈಯಲ್ಲಿ ರಕ್ತ ಹೆಚ್ಚತ್ತೆ, ತಿನ್ನಿ" ಎಂದ. ಅಪ್ಪ ದುಡ್ಡು ಕೊಡಲು ಹೋದರೆ ಬೇಡವೆಂದ. ಅಪ್ಪ ಜೇಬಿಗೆ ತುರುಕಲು ನೋಡಿದ. ಮಾಂಸದಂಗಡಿಯವನು ಆ ಕೈಯನ್ನು ಹಿಡಿದುಕೊಂಡು ಹಾಗೇ ನಿಂತ, ಬಿಡಲೇ ಇಲ್ಲ. ಮುಂದಿನ ಸಂಜೆಗಳಲ್ಲೂ ಗೊಂಗ್ ತಾತ ಸೋಲುತ್ತ ಹೋದರು. ಇಟ್ಟ ಕಾಯಿಯನ್ನು ಅಪ್ಪ ಹಿಂದಕ್ಕೆ ತೆಗೆದರೆ ಹಿಂದೆ ಹಲಗೆಯನ್ನೇ ಎತ್ತಿ ಒಗೆಯುತ್ತಿದ್ದವರು ಈಗ, "ತಗೋ ಮಗಾ, ಬೇಕಾದ್ರೆ ಎರಡು ಸಲ ತಗೋ" ಎನ್ನುತ್ತಿದ್ದರು.

ಅಪ್ಪ ಮನೆಗೆ ಬಂದು, "ವಯಸ್ಸಾಗ್ತಾ ನನ್ನ ಆಟ ಮಾಗ್ತಾ ಇದೆ" ಎಂದ.

ಆಮೇಲೆ ಉಡುಗೊರೆಗಳು ಬರತೊಡಗಿದವು. ಹಾಲಿನ ಪೆಟ್ಟಿಗೆ, ಕಪ್ಪು ಬೆಲ್ಲ, ನಾಟಿ ಕೋಳಿಯ ಮೊಟ್ಟೆ. ಜೊತೆಗೆ ಕೆಂಪು ಲಕೋಟೆಯಲ್ಲಿ ದುಡ್ಡು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. "ಗೊತ್ತಾಗಿಬಿಟ್ಟಿದೆ. ಸಾಮಾನು ತರೋಕೆ ಮೊದಲೇ ದುಡ್ಡು ಕೊಡ್ತಿದಾರೆ." ಮಾರನೆಯ ಬೆಳಿಗ್ಗೆ ಥಾನ್ ಅತ್ತೆ ಲಕೋಟೆ ಹಿಡಿದು ಬಂದಾಗ ಸೋಲೊಪ್ಪಿಕೊಂಡವನಂತೆ ಕೇಳಿದ. "ಸರಿ ಅಕ್ಕಾ. ನಿಮಗೆ ಶಾಂಘಾಯ್‌ನಿಂದ ಏನು ತರ್ಲಿ ಹೇಳಿ."

ಅತ್ತೆ ಲಕೋಟೆಯನ್ನು ಅವನ ಅಂಗೈಗೆ ಒತ್ತಿದರು. "ನನಗೇನೂ ಬೇಡ ತಮ್ಮಾ. ನೀನು ವಾಪಸ್ ಬಂದ್ರೆ ಸಾಕು."

ಅಪ್ಪನಿಗೆ ಕಣ್ಣು ತುಂಬಿ ಬಂತು. ಇಷ್ಟು ಅಗ್ಗದ ನೆರೆಯವರನ್ನು ಅವನು ಕಂಡಿರಲಿಲ್ಲ.

ಅತ್ತೆ ಹೋಗುವಾಗ ಮೆಟ್ಟಿಲ ಮೇಲೆ ನನ್ನನ್ನು ಹಿಡಿದರು. "ಸುಯಿ, ನಿಜ ಹೇಳು. ನಿಮ್ಮಪ್ಪಂಗೆ ಗೊತ್ತಾ?"

"ಏನು ಗೊತ್ತಾ, ಅತ್ತೆ?"

"ಆ ಕಾಯಿಲೆ."

ವಿಷಯ ನನಗೆ ಆಗ ತಿಳಿಯಿತು. ನಾನು ಯಾರ ಜೊತೆ ಮಾತಾಡುವಾಗಲೂ ನನ್ನ ಕಣ್ಣು ನನ್ನ ಚಪ್ಪಲಿಯ ಮೇಲಿರುತ್ತದೆ, ಕಿವಿ ಕೆಂಪಾಗುತ್ತದೆ, ದನಿ ಗಂಟಲು ದಾಟುವುದಿಲ್ಲ. ಚಪ್ಪಲಿಯನ್ನೇ ನೋಡುತ್ತ, "ಅಪ್ಪಂಗೆ ಏನೂ ಆಗಿಲ್ಲ ಅತ್ತೆ. ನಾವು ಸುಮ್ನೆ ತಿರುಗಾಡೋಕೆ ಹೋಗ್ತಿರೋದು" ಎಂದೆ.

ಅತ್ತೆ ನನ್ನನ್ನು ಎದೆಗೆ ಒತ್ತಿಕೊಂಡರು. "ಜಾಣೆ. ಹೀಗೇ ಹೇಳ್ತಾ ಇರು. ಸ್ವಲ್ಪ ತಲೆ ಎತ್ತಿ ಹೇಳು, ಇಲ್ಲಾಂದ್ರೆ ಅವನಿಗೆ ಅನುಮಾನ ಬರತ್ತೆ."

ಅನುಮಾನ ಬಂತು. ಬಂದದ್ದು ಅಮ್ಮನ ದೆಸೆಯಿಂದ. ನನ್ನ ಅಮ್ಮ ಶು ಚಿನ್‌ಲಾನ್ ಅಪ್ಪನನ್ನು ಮದುವೆಯಾದಂದಿನಿಂದ ಬೈಯುತ್ತ ಬಂದವಳು. ಕೋಪವಿದ್ದೇ ಬೈಯುತ್ತಾಳೆಂದಲ್ಲ. ಕೆಲವರು ರೇಡಿಯೋ ಹಾಕಿಕೊಂಡು ಕೆಲಸ ಮಾಡುವುದಿಲ್ಲವೇ, ಹಾಗೆ. ಆದರೆ ಹೊರಡುವ ದಿನ ಹತ್ತಿರವಾದಂತೆ ಅವಳ ಖುಷಿ ಏರಿ ಬೈಗುಳ ನಿಂತೇ ಹೋಯಿತು. ಅಪ್ಪ ಒದ್ದೆ ಕಾಲಿನಲ್ಲಿ ಒಳಗೆ ಬಂದ, ಅವಳು ನಕ್ಕಳು. ಅಪ್ಪ ಸಾರು ಚೆಲ್ಲಿದ, ಅವಳು ಒರೆಸಿದಳು. ಅಪ್ಪ ಬೇಕೆಂದೇ ಸಿಗರೇಟಿನ ಬೂದಿಯನ್ನು ಅವಳ ಈರುಳ್ಳಿ ಕುಂಡಕ್ಕೆ ಉದುರಿಸಿ ಕಾದ. ಅವಳು ಗುನುಗುತ್ತ ದಾಟಿ ಹೋದಳು.

ಅಪ್ಪನ ಮುಖ ಬಿಳಿಚಿಕೊಂಡಿತು. ನನ್ನನ್ನು ಬಾಲ್ಕನಿಗೆ ಕರೆದ.

"ಮಗಳೇ, ಇವರೆಲ್ಲ ಬೆಳಿಗ್ಗೇನೇ ಯಾಕೆ ಬರ್ತಾರೆ? ಮಧ್ಯಾಹ್ನದ ಮೇಲೆ ಒಬ್ಬರೂ ಬರಲ್ಲ."

ರೋಗಿಯನ್ನು ನೋಡಲು ಮಧ್ಯಾಹ್ನ ಕಳೆದ ಮೇಲೆ ಹೋಗಬಾರದೆನ್ನುವುದು ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತು.

"ಗೊಂಗ್ ತಾತ ಸೋಲ್ತಾರೆ. ಥಾನ್ ಅಕ್ಕ ವಾಪಸ್ ಬಂದ್ರೆ ಸಾಕು ಅಂತಾರೆ. ನಿಮ್ಮಮ್ಮ ಬೈಯಲ್ಲ. ಸುಯಿ, ಹೋದ ತಿಂಗಳು ಹಳೇ ಕಾರ್ಖಾನೆಯವರಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದ್ರಲ್ಲ, ಅದರಲ್ಲಿ ಏನು ಬಂತು?"

"ಎಲ್ಲ ಸರಿ ಇದೆ ಅಂತ ಬಂತಪ್ಪಾ. ನಿಂಗೇನೂ ಆಗಿಲ್ಲ." ಇದನ್ನೂ ಚಪ್ಪಲಿಗೇ ಹೇಳಿದೆ. ಕಿವಿ ಬಿಸಿಯಾಗಿ ಉರಿಯುತ್ತಿತ್ತು.

ಅಪ್ಪ ಬಹಳ ಹೊತ್ತು ನನ್ನ ತಲೆ ಸವರಿದ. "ಸರಿ ಮಗಾ. ಏನೂ ಆಗಿಲ್ಲ. ನಿಮ್ಮಮ್ಮನ ಮುಂದೆ ನಾನು ಕೇಳಿದೆ ಅಂತ ಹೇಳ್ಬೇಡ. ಪಾಪ, ಎಷ್ಟು ಕಷ್ಟಪಟ್ಟು ನಗ್ತಿದಾಳೆ."

ಆ ಸಂಜೆ ಬಜೆಟ್ಟು ತಿದ್ದುಪಡಿಯಾಯಿತು. ಗೋಪುರವನ್ನು ತುದಿಯವರೆಗೆ ಹತ್ತುವುದು. ದೀಪದ ಹಡಗು, ಅದರಲ್ಲೂ ಮೇಲಿನ ಅಂತಸ್ತು. ಅಮ್ಮನಿಗೆ ಬಿಳಿ ಮೇಜುಬಟ್ಟೆ ಹಾಸಿದ ಹೋಟೆಲಿನಲ್ಲಿ ಇಡೀ ಮೀನು. ಅಮ್ಮನಿಗೆ ಕೋಟು. "ನೀರು?" ಎಂದು ನಾನು ಕೇಳಿದೆ. ಅಪ್ಪ ಕಿಟಕಿಯಾಚೆ ನೋಡುತ್ತ, "ಕೊಂಡು ಕುಡಿಯೋಣ" ಎಂದ. ಆ ಮಾತಿನಲ್ಲಿ ಒಂದು ಸಾಮ್ರಾಜ್ಯ ಮುಳುಗಿದ ಸದ್ದು ಇತ್ತು.

ಮಾರನೆಯ ದಿನ ಅಮ್ಮನಿಗೆ ಎಲ್ಲ ಗೊತ್ತಾಯಿತು. ಶಾಲೆಯ ಅಡುಗೆಯವರೆಲ್ಲ ಚಂದಾ ಎತ್ತಿ ದಪ್ಪನೆಯ ಲಕೋಟೆಯೊಂದನ್ನು ಅವಳ ಕೈಗಿಟ್ಟು, ಒಬ್ಬರಾದ ಮೇಲೊಬ್ಬರು ಅಪ್ಪಿಕೊಂಡು ಅತ್ತಿದ್ದರು. ಅವಳು ಮನೆಗೆ ಬಂದು ನನ್ನಿಂದ ಕತೆ ಕೇಳಿದಳು; ಅಪ್ಪನೂ ಅದನ್ನು ನಂಬಿದ್ದಾನೆ ಎನ್ನುವುದೊಂದನ್ನು ಮಾತ್ರ ನಾನು ಬಚ್ಚಿಟ್ಟೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹಾಲಿನ ಪೆಟ್ಟಿಗೆಗಳ ಸಾಲನ್ನು ನೋಡಿದಳು, ನಗು ನಿಂತಿತು.

"ಬೇಡ ಬಿಡು. ಹೋಗೋದು ಬೇಡ."

"ಅಮ್ಮಾ, ಟಿಕೆಟ್ ಆಗಿದೆ."

"ಹುಷಾರಿಲ್ಲದವನಿಗೆ ಅಂತ ಜನ ಕೊಟ್ಟ ದುಡ್ಡನ್ನ ಮನೇಲಿಟ್ಕೊಂಡು ನಾನು ಅಲ್ಲಿ ಕೂತು ಮೀನು ತಿನ್ಲಾ? ಗಂಟಲಲ್ಲಿ ಇಳಿಯತ್ತಾ? ವಾಪಸ್ ಬಂದು ಇವರ ಮುಖ ಹೆಂಗೆ ನೋಡ್ಲಿ?" ಅವಳು ಹೊರಗೆ ತೆಗೆದಿಟ್ಟಿದ್ದ ತನ್ನ ಹೊಸ ಸ್ವೆಟರನ್ನು ಮಡಿಸಿ ಬೀರುವಿನಲ್ಲಿಟ್ಟಳು. ಮಡಿಸಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದಳು. ಅಪ್ಪ ಬಂದಾಗ ಇಷ್ಟೇ ಹೇಳಿದಳು. "ಸುಯಿ ಅಪ್ಪ, ಎಲ್ಲರ ಲಕೋಟೇನೂ ವಾಪಸ್ ಕೊಟ್ಟು ಬಾ. ಅವರು ತಗೊಂಡ್ರೆ ಹೋಗೋಣ. ಇಲ್ಲಾಂದ್ರೆ ನಾನು ಬರಲ್ಲ."

ಅಪ್ಪ ಎದುರು ಮಾತಾಡದೆ ಹೋದ. ಅವನಿಗೆ ಅದು ಸರಿಯೆನಿಸಿತು. ಹೋಗುವ ಮುನ್ನ ಋಣ ತೀರಿಸಬೇಕಲ್ಲ. ನಾನು ಹಿಂದೆಯೇ ಹೋದೆ.

ಋಣ ತೀರಿಸುವುದು ಹೇಗೆ ಕಾಣುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಅಪ್ಪ ಒಂದೊಂದು ಬಾಗಿಲ ಮುಂದೆಯೂ ನಿಂತು ಲಕೋಟೆ ಚಾಚಿ, "ಮನಸ್ಸಲ್ಲಿ ಏನೂ ಇಟ್ಕೋಬೇಡಿ" ಎನ್ನುತ್ತಿದ್ದ. ಬಾಗಿಲು ತೆರೆದವರು ಬಾಯಿಗೆ ಸೆರಗಿನಂತೆ ಒರೆಸುವ ಬಟ್ಟೆ ಅಡ್ಡ ಹಿಡಿದು ಒಳಗೆ ಓಡುತ್ತಿದ್ದರು. ಗಾಜು ಊದುತ್ತಿದ್ದ ಲ್ಯು ಮಾಮ ಲಕೋಟೆ ವಾಪಸ್ ತೆಗೆದುಕೊಳ್ಳುವುದಿರಲಿ, ಇನ್ನೊಂದು ಕೊಟ್ಟರು. ನಾನು ಧೈರ್ಯ ಮಾಡಿ, "ಮಾಮಾ, ನಿಜವಾಗ್ಲೂ ಅಪ್ಪಂಗೆ ಏನೂ ಇಲ್ಲ" ಎಂದೆ. ಅವರು, "ಹೂಂ ಪುಟ್ಟಾ, ಏನೂ ಇಲ್ಲ, ಏನೂ ಇಲ್ಲ" ಎನ್ನುತ್ತ ಗೋಡೆಯ ಕಡೆ ತಿರುಗಿಕೊಂಡರು. ಕೊನೆಗೆ, ಕೊಡಲು ಹೋದಾಗ ಇದ್ದದ್ದಕ್ಕಿಂತ ಹೆಚ್ಚು ಲಕೋಟೆಗಳೊಂದಿಗೆ ಮರಳಿದೆವು.

ಹೊರಡುವ ಬೆಳಿಗ್ಗೆ ಅಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತು ಬೀನ್ಸ್ ಸೋಸುತ್ತಿದ್ದಳು. ಮೈಮೇಲೆ ದಿನದ ಹಳೇ ಬಟ್ಟೆ. "ನೀವಿಬ್ಬರು ಹೋಗಿ ಬನ್ನಿ" ಎಂದಳು. ಅಪ್ಪ ಮೂವರ ಬಟ್ಟೆಯನ್ನೂ ತಾನೇ ತುಂಬಿದ ಪೆಟ್ಟಿಗೆಯನ್ನು ಎಳೆದುಕೊಂಡು ಮೆಟ್ಟಿಲಿಳಿದ. ಕೆಳಗೆ ಗೇಟಿನ ಬಳಿ ವಠಾರಕ್ಕೆ ವಠಾರವೇ ನಿಂತಿತ್ತು. ಗೊಂಗ್ ತಾತ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಬಂದಿದ್ದರು. ಥಾನ್ ಅತ್ತೆಯ ಕೈಯಲ್ಲಿ ಬೇಯಿಸಿದ ಮೊಟ್ಟೆಗಳ ಚೀಲ. ಎಲ್ಲರೂ ನಗುತ್ತಿದ್ದರು. ಅಂಥ ಭಯಂಕರ ನಗುವನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಅಪ್ಪ ಪೆಟ್ಟಿಗೆ ನಿಲ್ಲಿಸಿ ಗಂಟಲು ಸರಿಮಾಡಿಕೊಂಡ.

"ನೀವೆಲ್ಲ ನನ್ನಿಂದ ಮುಚ್ಚಿಡ್ತಿದೀರಿ ಅಂತ ನನಗೆ ಗೊತ್ತು. ತಪ್ಪಿಲ್ಲ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ಒಂದೇ ಮಾತು ಕೇಳ್ಕೋತೀನಿ. ಸುಯಿ ಅಮ್ಮ ಮನಸ್ಸು ಕೆಟ್ಟು ಮೇಲೆ ಕೂತಿದಾಳೆ. ನನ್ನ ನಂತರ, ಅವಳನ್ನ ಯಾರಾದ್ರೂ ಒಮ್ಮೆ..."

ಮೂರನೆಯ ಅಂತಸ್ತಿನ ಕಿಟಕಿ ದಡಾರನೆ ತೆರೆಯಿತು.

"ಏನಂದೆ? ನಂತರ?"

ಅಮ್ಮ ಕಿಟಕಿಯಲ್ಲಿ ಕಾಣಿಸಿಕೊಂಡದ್ದೂ ಮಾಯವಾದದ್ದೂ ಒಟ್ಟಿಗೇ. ಅವಳ ದನಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂತು, ಹಿಂದಿನಿಂದ ಅವಳು ಬಂದಳು. ಕೈಯಲ್ಲಿ ಬೀನ್ಸ್ ಹಾಗೇ ಇತ್ತು.

"ನಿಂಗೆ ಆ ಕಾಯಿಲೆನಾ? ನಿನ್ನೆ ರಾತ್ರಿ ಎರಡು ಬಟ್ಟಲು ನೂಡಲ್ಸ್ ತಿಂದು ಮೂರನೇದಕ್ಕೆ ಸಾರು ಕೇಳಿದ ಹೊಟ್ಟೆಗೆ? ಕಾಯಿಲೆಗೂ ಮಾನ ಮರ್ಯಾದೆ ಇರತ್ತೆ ಕಣಯ್ಯಾ, ಸಿಕ್ಕ ಸಿಕ್ಕ ಮೈಗೆಲ್ಲ ಬರಲ್ಲ. ಮಿಠಾಯಿ ಡಬ್ಬಿ ತರಬೇಕಾಗತ್ತೆ ಅಂತ ಗುಟ್ಟು ಮಾಡಿದೋನು ನೀನು. ಕೋಣೆ ಅಗ್ಗ ಅಂತ ಆಸ್ಪತ್ರೆ ಹಿಂದಿನ ಓಣಿ ಹುಡುಕಿದೋನು ನೀನು. ಸ್ಮಶಾನದಲ್ಲಿ ಇನ್ನೂ ಅಗ್ಗ, ಅಲ್ಲೇ ಕೇಳ್ಬೇಕಿತ್ತು. ಊರಿನವರನ್ನೆಲ್ಲ ಅಳಿಸ್ದೆ, ಅವರ ದುಡ್ಡು ಕಿತ್ಕೊಂಡೆ, ಈಗ ನನ್ನನ್ನ ಮುಂಡೆ ಮಾಡಿ ಭಾಷಣ ಬಿಗೀತಿದೀಯ. ಮೂರು ಸಲ ರದ್ದು ಮಾಡ್ದೆ, ನಾನು ಮಾತಾಡಿದ್ನಾ? ನಾಲ್ಕನೇ ಸಲ ಹೋಗೋಣ ಅಂದಾಗ ಖುಷಿಯಿಂದ ಬಾಯಿ ಮುಚ್ಕೊಂಡಿದ್ನಲ್ಲ, ಅದನ್ನ ನೋಡಿ ಸಾಯ್ತೀನಿ ಅಂದ್ಕೊಂಡ್ಯಾ? ನನ್ನ ಈರುಳ್ಳಿ ಕುಂಡಕ್ಕೆ ಬೂದಿ ಯಾಕೆ ಹಾಕ್ದೆ? ನಾನು ನೋಡಿಲ್ಲ ಅಂದ್ಕೊಂಡ್ಯಾ?"

ಇದು ಪೀಠಿಕೆ. ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ವಠಾರ ನಿಂತು ಕೇಳಿತು. ಸಾಯುವ ಗಂಡನನ್ನು ಯಾವ ಹೆಂಡತಿಯೂ ಹೀಗೆ ಬೈಯುವುದಿಲ್ಲ. ಈ ಸತ್ಯ ಒಂದೊಂದೇ ಮುಖಕ್ಕೆ ಇಳಿಯುವುದು ಕಾಣುತ್ತಿತ್ತು. ಲ್ಯು ಮಾಮನಿಗೆ ಮೊದಲು ಇಳಿಯಿತು, ಮಾಂಸದಂಗಡಿಯವನಿಗೆ ಆಮೇಲೆ. ಎಲ್ಲರಿಗಿಂತ ಕೊನೆಗೆ ಅಪ್ಪನಿಗೆ. ಅವನ ಬೆನ್ನು ನೆಟ್ಟಗಾಯಿತು, ಕೆನ್ನೆಗೆ ಬಣ್ಣ ಬಂತು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, "ಇನ್ನೂ ಬೈಯೇ" ಎಂದ.

"ಹಾಗಾದ್ರೆ ನಿನಗೆ ಏನೂ ಇಲ್ವಾ?" ಥಾನ್ ಅತ್ತೆಯ ದನಿ ಏರಿತು. "ವಾರದಿಂದ ನಾನು ಅತ್ತಿದ್ದು ಯಾರಿಗೆ? ಒಂದು ಮಿಠಾಯಿ ಡಬ್ಬಿ ಉಳಿಸೋಕೆ ಇಷ್ಟು ನಾಟಕಾನಾ ತಮ್ಮಾ? ಕೊಡು ನನ್ನ ಲಕೋಟೆ."

ಲಕೋಟೆಗಳು ಎಷ್ಟು ಬೇಗ ವಾಪಸ್ಸಾದವೆಂದರೆ ಅಪ್ಪ ಎಣಿಸುವಷ್ಟರಲ್ಲಿ ಮುಗಿದಿತ್ತು. ಬೇಡವೆಂದು ಯಾರೂ ತಳ್ಳಲಿಲ್ಲ. ಮಾಂಸದಂಗಡಿಯವನು ಯಕೃತ್ತಿನ ಬೆಲೆಯನ್ನೂ ಕೇಳಿದ. ಜನ ಸುತ್ತ ಕವಿದು ಮುಲಾಮು, ಬೂಟು, ಹೆಣೆಯುವ ಉಣ್ಣೆ ಎಂದು ಒಂದೇ ಉಸಿರಿಗೆ ಕೂಗತೊಡಗಿದರು.

ಗೊಂಗ್ ತಾತ ಮಾತ್ರ ಮರದ ಕೆಳಗಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಅಮ್ಮ ಹತ್ತಿರ ಹೋಗಿ, "ತಾತ, ತಪ್ಪಾಯ್ತು" ಎಂದಳು.

"ಬಯ್ಯೋದು ಎಷ್ಟು ಚೆನ್ನಾಗಿ ಬರತ್ತಮ್ಮಾ ನಿಂಗೆ" ಎಂದರು ತಾತ. ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದರು. "ನಮ್ಮವಳಿಗೆ ನಾನು ಕೊನೇವರೆಗೂ ಹೊಟ್ಟೆಹುಣ್ಣು ಅಂತಾನೇ ಹೇಳ್ದೆ. ಆದ್ರೆ ಅವಳ ಜೊತೆ ಜಗಳ ಆಡೋಕೆ ಮನಸ್ಸು ಬರಲಿಲ್ಲ, ನಿಲ್ಲಿಸಿಬಿಟ್ಟೆ. ಅದ್ರಿಂದಾನೇ ಅವಳಿಗೆ ಗೊತ್ತಾಗಿತ್ತೋ ಏನೋ." ಕನ್ನಡಕ ಹಾಕಿಕೊಂಡು ಎದ್ದರು. "ಹೊರಡಿ, ರೈಲು ತಪ್ಪತ್ತೆ. ಮರಿ ಫಾನ್, ನೀನು ಗೆದ್ದ ಆಟ ಒಂದೂ ಲೆಕ್ಕಕ್ಕಿಲ್ಲ."

ಅಮ್ಮ ಮೇಲೆ ಓಡಿ ಸ್ವೆಟರ್ ಹಾಕಿಕೊಂಡು ಬಂದಳು. ಬೀನ್ಸನ್ನು ಥಾನ್ ಅತ್ತೆಯ ಕೈಗೆ ಕೊಟ್ಟು, ಅವರ ಮೊಟ್ಟೆ ಚೀಲವನ್ನು ಇಸಿದುಕೊಂಡಳು.

ರೈಲಿನಲ್ಲಿ ಅಪ್ಪ ಕಿಟಕಿಯ ಪಕ್ಕ, ಅಮ್ಮ ನಡುವೆ. ಹೊರಗೆ ಕೊಯ್ಲಾದ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಅಪ್ಪ ಬಜೆಟ್ಟನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಮಾತೆತ್ತಿದ. ಅಮ್ಮ ಒಂದು ನೋಟ ನೋಡಿದಳು, ದೀಪದ ಹಡಗು ಉಳಿಯಿತು.

"ಸುಯಿ ಅಮ್ಮ" ಎಂದ ಅಪ್ಪ, ಕಿಟಕಿಯ ಕಡೆಯೇ ನೋಡುತ್ತ. "ಮುಂದೆ ಯಾವತ್ತಾದ್ರೂ ನಿಜವಾಗ್ಲೂ ಬಂದ್ರೆ, ನನಗೆ ಹೇಳ್ತೀಯಾ?"

ಅಮ್ಮ ಮೊಟ್ಟೆಯೊಂದನ್ನು ಸೀಟಿನ ತೋಳಿಗೆ ಕುಟ್ಟಿ ಸಿಪ್ಪೆ ಬಿಡಿಸತೊಡಗಿದಳು. "ಇಲ್ಲ."

"ಪರವಾಗಿಲ್ಲ. ನೀನು ಬೈಯೋದು ನಿಲ್ಲಿಸಿದ್ರೆ ನನಗೆ ಗೊತ್ತಾಗತ್ತೆ."

"ನಿಲ್ಲಿಸಲ್ಲ" ಎಂದಳು ಅಮ್ಮ. "ಆವತ್ತೂ ಹೀಗೇ ಬೈತಾ ಇರ್ತೀನಿ. ನಿನ್ನ ಗೋಳು ನೋಡ್ಕೊಂಡು ನಾನ್ಯಾಕೆ ಸುಮ್ನಿರ್ಲಿ. ನಿಂಗೆ ಗೊತ್ತೇ ಆಗಲ್ಲ."

ಅಪ್ಪ ಮೊಟ್ಟೆಗೆ ಕೈ ಚಾಚಿದ. ಅಮ್ಮ ಅವನ ಕೈಯ ಮೇಲೊಂದು ಪೆಟ್ಟು ಕೊಟ್ಟು, ಮೊದಲು ತೊಳೆದುಕೊಂಡು ಬಾ ಎಂದು ಕಳಿಸಿದಳು.